ಖಂಡ ಮತ್ತು ಸ್ಫುಟಿತ: ಸೊಲ್ಲಾಪುರ–ಅಕ್ಕಲಕೋಟೆ ಗಡಿನಾಡಿನಲ್ಲಿ ಮನೆ ದುರಸ್ತಿಯ ಚರಿತ್ರೆ

ಕನ್ನಡ ಶಾಸನಗಳ ದತ್ತಿಭಾಗದಲ್ಲಿ ಮತ್ತೆ ಮತ್ತೆ ಎದುರಾಗುವ ನುಡಿಗಟ್ಟುಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬುದೂ ಒಂದು. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವ ದಾನಿಯು ದೇವರ ಅಂಗರಂಗಭೋಗ ಮತ್ತು ತಪೋಧನರ ಆಹಾರದಾನಗಳ ಜೊತೆಗೆ ಈ ಕಾರ್ಯಕ್ಕೂ ಉತ್ಪನ್ನದ ಪಾಲೊಂದನ್ನು ಗೊತ್ತುಮಾಡುತ್ತಾನೆ. ಖಂಡವೆಂದರೆ ಮುರಿದುಬಿದ್ದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಶಾಸನಕಾರರಿಗೆ ಇವು ರೂಢಿಯ ಮಾತುಗಳಾಗಿದ್ದಿರಬಹುದು. ಆದರೂ ಆ ರೂಢಿಯ ಹಿಂದೆ ಕಟ್ಟಡವನ್ನು ಕುರಿತ ಒಂದು ಸ್ಪಷ್ಟ ತಿಳಿವಳಿಕೆಯಿದೆ. ಕಟ್ಟಡಕ್ಕೆ ಎರಡು ಬಗೆಯ ಹಾನಿಗಳುಂಟು, ಎರಡಕ್ಕೂ ವೆಚ್ಚವುಂಟು, ಆ ವೆಚ್ಚದ ದಾರಿಯನ್ನು ಹಾನಿಯಾಗುವ ಮೊದಲೇ ತೋರಿಸಿರಬೇಕು ಎಂಬುದೇ ಆ ತಿಳಿವಳಿಕೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಪ್ರದೇಶಕ್ಕೆ ಈ ಪರಂಪರೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನನ್ನು ಜನ ನೆನೆಯುವುದು ವಚನಕಾರನೆಂದು ಮಾತ್ರವಲ್ಲ, ಕೆರೆ ಕಟ್ಟಿಸಿದವನೆಂದು, ದೇಗುಲ ಎತ್ತಿಸಿದವನೆಂದು ಕೂಡ. ಆದರೆ ಶಾಸನಗಳ ಜೀರ್ಣೋದ್ಧಾರದ ವ್ಯವಸ್ಥೆ ದೇವರ ಮನೆಗೆ ಇತ್ತೇ ಹೊರತು ಒಕ್ಕಲಿನ ಮನೆಗೆ ಇರಲಿಲ್ಲ. ಒಕ್ಕಲಿನ ಮನೆಯ ಬಿರುಕನ್ನು ಯಾರು ಮುಚ್ಚಬೇಕು, ಯಾವ ಹಣದಿಂದ, ಯಾವ ಕುಶಲತೆಯಿಂದ ಎಂಬ ಪ್ರಶ್ನೆಯನ್ನು ರಾಜ್ಯವೊಂದು ಈ ಪ್ರದೇಶದಲ್ಲಿ ವ್ಯಾಪಕವಾಗಿ ಕೈಗೆತ್ತಿಕೊಂಡದ್ದು 1993ರ ಭೂಕಂಪದ ಅನಂತರ. ಆ ಪ್ರಯತ್ನ ಏನಾಯಿತೆಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಆಧುನಿಕ ಪರಿಹಾರ ವ್ಯವಸ್ಥೆ ಖಂಡವನ್ನು ಕಾಣುತ್ತದೆ, ಸ್ಫುಟಿತವನ್ನು ಕಾಣಲಾರದು. ಕಂಡ ಒಂದೇ ಸಂದರ್ಭದಲ್ಲಿಯೂ ಅದನ್ನು ಮುಚ್ಚುವ ವಿದ್ಯೆಯನ್ನು ಊರಿನಲ್ಲಿ ಉಳಿಸಲಾಗಲಿಲ್ಲ ಎಂಬುದು ಇಲ್ಲಿಯ ವಾದ.

ಮಾಳಿಗೆ ಮನೆಯ ರಚನೆ

ಭೀಮಾ, ಸೀನಾ, ಬೋರಿ ನದಿಗಳ ಬಯಲಿನಲ್ಲಿ ಮಳೆ ಕಡಿಮೆ, ಬೇಸಗೆ ಕಠಿಣ. ಕಪ್ಪುಮಣ್ಣಿನ ಕೆಳಗೆ ಕರಿಗಲ್ಲು ಧಾರಾಳವಾಗಿ ಸಿಗುತ್ತದೆ. ಈ ಮೂರು ಸಂಗತಿಗಳು ಸೇರಿ ಇಲ್ಲಿಯ ಮನೆಯ ಆಕಾರವನ್ನು ನಿರ್ಧರಿಸಿವೆ. ದಪ್ಪ ಕಲ್ಲುಗೋಡೆ, ಮಣ್ಣಿನ ಗಾರೆ, ಮರದ ಕಂಬ–ಬೋದಿಗೆ–ತೊಲೆ–ಜಂತೆಗಳ ಚೌಕಟ್ಟು, ಅದರ ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಮರಾಠಿಯಲ್ಲಿ ಇದನ್ನು ‘ಮಾಳವದ’ ಎನ್ನುತ್ತಾರೆ. ಕನ್ನಡದ ‘ಮಾಳಿಗೆ’ಗೂ ಆ ಮಾತಿಗೂ ಇರುವ ಹೋಲಿಕೆ ಕಿವಿಗೇ ತಿಳಿಯುವಂಥದು. ಎರಡು ಕಂಬಗಳ ನಡುವಣ ಅಂತರ ಕನ್ನಡದಲ್ಲಿ ಅಂಕಣ, ಮರಾಠಿಯಲ್ಲಿ ಖಣ. ಮನೆ ಎಷ್ಟು ದೊಡ್ಡದೆಂಬುದನ್ನು ಇಷ್ಟು ಅಂಕಣದ್ದೆಂದು ಹೇಳುವ ರೂಢಿಯಿತ್ತು. ಕಲ್ಲುಕೆಲಸದ ಗೌಂಡಿ ಎರಡು ನುಡಿಗಳಲ್ಲಿಯೂ ಹೆಚ್ಚುಕಡಿಮೆ ಅದೇ ಹೆಸರಿನವನು. ಕಲ್ಲು ಒಡೆಯುವ ಒಡ್ಡರು ಅಲ್ಲಿ ವಡಾರರು. ಮನೆಕಟ್ಟುವ ವೃತ್ತಿಯ ಮಟ್ಟಿಗೆ ಇದು ಎರಡು ಭಾಷೆಗಳ ಒಂದೇ ಪ್ರದೇಶ.

ಈ ಮನೆಯ ಗೋಡೆ ಹೊರಗಿನಿಂದ ಒಂದಾಗಿ ಕಂಡರೂ ರಚನೆಯಲ್ಲಿ ಎರಡು. ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು. ನಡುವೆ ಚಿಕ್ಕಕಲ್ಲು, ಮಣ್ಣು. ಎರಡೂ ಮೈಗಳನ್ನು ಹಿಡಿದಿಡುವಂತೆ ಗೋಡೆಯ ಪೂರ್ಣ ದಪ್ಪಕ್ಕೆ ಅಡ್ಡಲಾಗಿ ಉದ್ದಗಲ್ಲು ಹಾಕಿದ್ದರೆ ಗೋಡೆ ಒಗ್ಗಟ್ಟಾಗಿ ನಿಲ್ಲುತ್ತದೆ. ಅದಿಲ್ಲದಿದ್ದರೆ ಕಾಲಾಂತರದಲ್ಲಿ ಎರಡು ಮೈಗಳು ಒಂದರಿಂದೊಂದು ಬಿಡುತ್ತವೆ, ಹೊರಮೈ ಉಬ್ಬುತ್ತದೆ, ಮೂಲೆಗಳಲ್ಲಿ ಬಿರುಕು ಕಾಣಿಸುತ್ತದೆ. ಮಾಳಿಗೆಯ ಸಮಸ್ಯೆ ಬೇರೆ ಬಗೆಯದು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹೊಸ ಮಣ್ಣು ಹರವಿ ಬಡಿಯುವುದು ವಾಡಿಕೆ. ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದನ್ನು ಹಾಕಿದರೆ ಭಾರ ಸಮನಾಗಿರುತ್ತದೆ. ತೆಗೆಯದೆ ಹಾಕುತ್ತ ಹೋದರೆ ತಲೆಮಾರಿನಿಂದ ತಲೆಮಾರಿಗೆ ಮಾಳಿಗೆ ದಪ್ಪವಾಗುತ್ತದೆ. ಅರ್ಧ ಮೀಟರಿಗೂ ಮಿಕ್ಕಿದ ಮಣ್ಣಿನ ಪದರವನ್ನು ಹೊತ್ತ ಮಾಳಿಗೆಗಳು ಈ ಭಾಗದಲ್ಲಿ ಅಪರೂಪವಾಗಿರಲಿಲ್ಲ. ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುತ್ತಿದ್ದ ಆ ಮಣ್ಣೇ ಮನೆ ಅಲುಗಿದ ದಿನ ಮೃತ್ಯುವಾಗಬಲ್ಲ ಭಾರವಾಗಿತ್ತು.

ಆದ್ದರಿಂದ ಮಾಳಿಗೆ ಮನೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ; ವರ್ಷವರ್ಷವೂ ಮಾಡುತ್ತಿರಬೇಕಾದ ಕೆಲಸ. ಆಯದ ವ್ಯವಸ್ಥೆಯಲ್ಲಿ ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿದ್ದುದು ಮುಖ್ಯವಾಗಿ ಬೇಸಾಯದ ಉಪಕರಣಗಳಿಗಾಗಿ. ಮನೆಯ ದುರಸ್ತಿ ಮನೆಯವರ ಮೈದುಡಿಮೆಯನ್ನೂ ಊರ ಗೌಂಡಿಯ ಕೈಚಳಕವನ್ನೂ ಅವಲಂಬಿಸಿತ್ತು. ಇದಕ್ಕೆ ದತ್ತಿಯಿರಲಿಲ್ಲ, ದಾಖಲೆಯೂ ಇರಲಿಲ್ಲ.

ಕ್ಷಾಮಕಾಲದ ರಾಜ್ಯ ಮತ್ತು ಮನೆ

ಹತ್ತೊಂಬತ್ತನೆಯ ಶತಮಾನದ ಸೊಲ್ಲಾಪುರ ಜಿಲ್ಲೆಗೆ ವಿಪತ್ತೆಂದರೆ ಪ್ರಧಾನವಾಗಿ ಬರ. ಮುಂಬಯಿ ಸರಕಾರದ ಪರಿಹಾರದ ವಿಚಾರ ರೂಪುಗೊಂಡದ್ದು ಬರವನ್ನು ಎದುರಿಗಿಟ್ಟುಕೊಂಡು. 1876–78ರ ಮಹಾಕ್ಷಾಮದಲ್ಲಿ ಕೆರೆ, ರಸ್ತೆಗಳ ಕೆಲಸ ತೆರೆದು ಕೂಲಿ ಕೊಡಲಾಯಿತು. ಜಿಲ್ಲೆಯ ಆಷ್ಟಿ ಕೆರೆ ಆ ಕಾಲದ ಕಾಮಗಾರಿ. ಕ್ಷಾಮದ ಅನಂತರ ಬಂದ 1883ರ ಭೂಸುಧಾರಣೆ ಸಾಲದ ಕಾಯ್ದೆ ಮತ್ತು 1884ರ ಬೇಸಾಯಗಾರರ ಸಾಲದ ಕಾಯ್ದೆಗಳು ತಗಾವಿಯನ್ನು ವ್ಯವಸ್ಥಿತಗೊಳಿಸಿದವು. ಮೊದಲನೆಯದು ಬಾವಿ, ಒಡ್ಡುಗಳಂಥ ಭೂಮಿಯ ಸುಧಾರಣೆಗೆ. ಎರಡನೆಯದು ಮುಖ್ಯವಾಗಿ ಬೀಜ, ದನಗಳ ಖರೀದಿಗೆ. ಈ ಕಾಯ್ದೆಗಳ ಕಣ್ಣಿಗೆ ರೈತನೆಂದರೆ ಕಂದಾಯ ಕೊಡುವ ಭೂಮಿಯ ಉಳುಮೆಗಾರ. ಅವನು ಮಲಗುವ ಮನೆ ಆಡಳಿತದ ಚಿಂತೆಯ ಅಂಚಿನಲ್ಲಿತ್ತು.

ಆದರೆ ಬರಕ್ಕೂ ಮನೆಗೂ ಸಂಬಂಧವಿಲ್ಲದಿರಲಿಲ್ಲ. ಕ್ಷಾಮದ ವರ್ಷಗಳಲ್ಲಿ ದಖ್ಖನ್ನಿನ ಹಳ್ಳಿಗರು ಬಾಗಿಲು, ಜಂತೆ, ತೊಲೆಗಳನ್ನು ಕಳಚಿ ಮಾರಿ ಕಾಳು ಕೊಂಡದ್ದು ತಿಳಿದ ಸಂಗತಿ. ಮರ ಹೋದ ಮನೆಯನ್ನು ಮತ್ತೆ ಮರ ಹಾಕಿ ಕಟ್ಟುವುದು ಎಲ್ಲರಿಗೂ ಸಾಧ್ಯವಾಗುವಂಥದಲ್ಲ. ಕಂಬದ ಚೌಕಟ್ಟಿಲ್ಲದೆ ಮಾಳಿಗೆಯ ಭಾರವನ್ನು ನೇರವಾಗಿ ಕಲ್ಲುಗೋಡೆಯ ಮೇಲೆ ಹೊರಿಸುವ ಅಗ್ಗದ ಕಟ್ಟಡ ಕ್ರಮ ಈ ಭಾಗದಲ್ಲಿ ಹೇಗೆ ಬೆಳೆಯಿತೆಂಬುದನ್ನು ಅರಿಯಲು ಕ್ಷಾಮ ಮತ್ತು ಮರದ ಅಭಾವ ಇವೆರಡನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

1993ರ ಸೆಪ್ಟೆಂಬರ್ 30

ಗಣೇಶ ವಿಸರ್ಜನೆಯ ಗದ್ದಲ ಅಡಗಿ ಊರುಗಳು ಮಲಗಿದ್ದ ಹೊತ್ತಿನಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ಕಂಪಿಸಿತು. ಕಂಪನದ ಪ್ರಮಾಣ 6.2, ಸತ್ತವರು ಬೇರೆ ಬೇರೆ ಲೆಕ್ಕಗಳಂತೆ 8,000ದಿಂದ 10,000. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನಲ್ಲಿ ಇದು ಮಧ್ಯಮ ಬಲದ್ದು. ಇಷ್ಟು ಸಾವು ಸಂಭವಿಸಿದ್ದು ನೆಲದ ಬಲದಿಂದ ಎನ್ನುವುದಕ್ಕಿಂತ ಮನೆಯ ದೌರ್ಬಲ್ಯದಿಂದ. ಕಿಲ್ಲಾರಿ, ಸಾಸ್ತೂರ, ಮಂಗರೂಳ ಮೊದಲಾದ ಊರುಗಳಲ್ಲಿ ಗೋಡೆಯ ಎರಡು ಮೈಗಳು ಬೇರ್ಪಟ್ಟು ಕುಸಿದವು. ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಬಿತ್ತು. ಕುಸಿದ ಮನೆಗಳನ್ನು ಪರಿಶೀಲಿಸಿದ ಎಂಜಿನಿಯರರು ಇನ್ನೊಂದು ಸಂಗತಿಯನ್ನೂ ಗುರುತಿಸಿದರು. ಮರದ ಕಂಬಗಳ ಚೌಕಟ್ಟು ಗಟ್ಟಿಯಾಗಿದ್ದಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆಯೇ ನಿಂತಿತ್ತು. ಹುಲ್ಲುಹೊದಿಕೆಯ ಬಡವರ ಗುಡಿಸಲುಗಳೂ ಹಗುರಾಗಿದ್ದುದರಿಂದ ಜೀವ ಉಳಿಸಿದ್ದವು.

ಸೂಚನೆಗಳು ಇರಲಿಲ್ಲವೆಂದಲ್ಲ. 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳ ಸರಣಿಯೇ ನಡೆದಿತ್ತು. ಆದರೆ 1984ರ ಭೂಕಂಪ ವಲಯ ನಕಾಶೆಯಲ್ಲಿ ಈ ಪ್ರದೇಶ ಅತ್ಯಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವನ್ನು ಮಹಾರಾಷ್ಟ್ರ ಕಂಡಿತ್ತಾದರೂ ಅದು ಸಹ್ಯಾದ್ರಿಯ ಅಣೆಕಟ್ಟಿನ ಬಳಿಯ ಘಟನೆ. ಬಯಲಿನ ಹಳ್ಳಿಗಳ ಕಟ್ಟಡ ಪದ್ಧತಿಯನ್ನು ಅದು ಮುಟ್ಟಲಿಲ್ಲ. ಮಣ್ಣಿನ ಮತ್ತು ಕಡಿಮೆ ಬಲದ ಕಲ್ಲುಕಟ್ಟಡಗಳ ಭೂಕಂಪ ಸುರಕ್ಷತೆಗೂ ಹಾನಿಗೊಂಡ ಕಟ್ಟಡಗಳ ದುರಸ್ತಿಗೂ ಸಂಬಂಧಿಸಿದ ಭಾರತೀಯ ಮಾನಕಗಳು ಪ್ರಕಟವಾದದ್ದು ಅದೇ 1993ರಲ್ಲಿ. ವಲಯ ನಕಾಶೆ ಪರಿಷ್ಕೃತವಾಗಿ ಕಿಲ್ಲಾರಿ ಪ್ರದೇಶ ಮೂರನೆಯ ವಲಯಕ್ಕೆ ಸೇರಿದ್ದು 2002ರಲ್ಲಿ.

ಸೊಲ್ಲಾಪುರ ನಗರ ಕಿಲ್ಲಾರಿಯಿಂದ ನೇರ ಅಳತೆಯಲ್ಲಿ ಸುಮಾರು 80 ಕಿಲೋಮೀಟರ್, ಅಕ್ಕಲಕೋಟೆ ಸುಮಾರು 70 ಕಿಲೋಮೀಟರ್ ದೂರ. ಮೊದಲ ದಿನಗಳಲ್ಲಿ ಸೊಲ್ಲಾಪುರಕ್ಕೆ ದೊರೆತ ಪಾತ್ರ ನೆರವಿಗೆ ಬಂದ ಪಟ್ಟಣದ್ದು. ಗಾಯಾಳುಗಳು ಬಂದದ್ದು ಇಲ್ಲಿಯ ಆಸ್ಪತ್ರೆಗಳಿಗೆ. ಸ್ವಂತ ಜಿಲ್ಲೆಯ ಹಳ್ಳಿಗಳಲ್ಲಿ ಆದದ್ದು ಖಂಡಕ್ಕಿಂತ ಹೆಚ್ಚಾಗಿ ಸ್ಫುಟಿತ. ಸಾವಿರಾರು ಹೆಣಗಳ ಸುದ್ದಿಯ ನಡುವೆ ಅದಕ್ಕೆ ಗಮನ ಸಿಗುವುದು ಸಾಧ್ಯವಿರಲಿಲ್ಲ, ಸಿಗಬೇಕೆಂದು ಆ ದಿನಗಳಲ್ಲಿ ಯಾರೂ ಕೇಳುವಂತೆಯೂ ಇರಲಿಲ್ಲ.

ಎರಡು ಪಟ್ಟಿಗಳು

ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1994ರಲ್ಲಿ ಆರಂಭಿಸಿದ ತುರ್ತು ಭೂಕಂಪ ಪುನರ್ವಸತಿ ಕಾರ್ಯಕ್ರಮ ಹಳ್ಳಿಗಳನ್ನು ಹಾನಿಯ ಪ್ರಮಾಣಕ್ಕೆ ಅನುಗುಣವಾಗಿ ವಿಂಗಡಿಸಿತು. ಲಾತೂರ ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳ 52 ಹಳ್ಳಿಗಳು ಸಂಪೂರ್ಣವಾಗಿ ಹೊಸ ಜಾಗಕ್ಕೆ ಹೋಗತಕ್ಕವು. ಇನ್ನು ಕೆಲವು ಹಳ್ಳಿಗಳು ಇದ್ದಲ್ಲಿಯೇ ಮರುನಿರ್ಮಾಣವಾಗತಕ್ಕವು. ಉಳಿದ ಬಹುದೊಡ್ಡ ಭಾಗಕ್ಕೆ ಗೊತ್ತಾದದ್ದು ದುರಸ್ತಿ ಮತ್ತು ಬಲವರ್ಧನೆ. ಸೊಲ್ಲಾಪುರವೂ ಸೇರಿದಂತೆ 13 ಜಿಲ್ಲೆಗಳ 2,000ಕ್ಕೂ ಹೆಚ್ಚು ಹಳ್ಳಿಗಳು, ಸರಿಸುಮಾರು ಎರಡು ಲಕ್ಷ ಮನೆಗಳು ಈ ಕೊನೆಯ ಪಟ್ಟಿಯ ವ್ಯಾಪ್ತಿಯಲ್ಲಿದ್ದವು.

ಸ್ಥಳಾಂತರದ ಹಳ್ಳಿಗಳ ಕಥೆಯನ್ನು ಪುನರ್ವಸತಿಯ ಸಾಹಿತ್ಯ ವಿಸ್ತಾರವಾಗಿ ಚರ್ಚಿಸಿದೆ. ಅಲ್ಲಿ ಮನೆಯ ಅಳತೆ ಭೂಹಿಡುವಳಿಯನ್ನು ಅನುಸರಿಸಿತು. ಭೂಹೀನರಿಗೂ 1 ಹೆಕ್ಟೇರ್‌ವರೆಗಿನ ಹಿಡುವಳಿಯವರಿಗೂ 250 ಚದರಡಿ, 7 ಹೆಕ್ಟೇರ್‌ವರೆಗಿನವರಿಗೆ 400, ಅದಕ್ಕೂ ಮೇಲ್ಪಟ್ಟವರಿಗೆ 750. ಇಷ್ಟು ಅಂಕಣದ ಮನೆಯೆಂದು ಗುರುತಿಸಿಕೊಂಡಿದ್ದ ಕುಟುಂಬ ಇಷ್ಟು ಚದರಡಿಯ ಮನೆಗೆ ಬಂದಿತು. ನೇರ ರಸ್ತೆಗಳ ಎರಡೂ ಬದಿಗೆ ಒಂದೇ ತೆರನಾದ ಮನೆಗಳು ಸಾಲುಗಟ್ಟಿದವು. ಹಳೆಯ ಓಣಿಯ ನೆರಳು, ಕಟ್ಟೆ, ದನಗಳಿಗಿದ್ದ ಜಾಗ ಇವುಗಳ ಕೊರತೆಯನ್ನು ಮುಂದಿನ ಅಧ್ಯಯನಗಳು ದಾಖಲಿಸಿದವು. ಈ ಟೀಕೆಗಳು ನ್ಯಾಯವಾದವುಗಳೇ. ಆದರೆ ಅವುಗಳ ಫಲವಾಗಿ ಕಾರ್ಯಕ್ರಮದ ಚರಿತ್ರೆಯೆಂದರೆ 52 ಹಳ್ಳಿಗಳ ಚರಿತ್ರೆ ಎಂಬ ಭಾವನೆ ಬೇರೂರಿತು.

ಸೊಲ್ಲಾಪುರ ಜಿಲ್ಲೆಯ ದೃಷ್ಟಿಯಿಂದ ನೋಡಿದರೆ ಮುಖ್ಯವಾದದ್ದು ಎರಡನೆಯ ಪಟ್ಟಿ. ದುರಸ್ತಿ ಮತ್ತು ಬಲವರ್ಧನೆಗೆ ಗೊತ್ತಾದ ನೆರವು ಹಾನಿಯ ವರ್ಗಕ್ಕೆ ತಕ್ಕಂತೆ 17,000 ರೂಪಾಯಿಯಿಂದ 34,000 ರೂಪಾಯಿವರೆಗೆ. ಇದು ಹಣ ಮತ್ತು ಸಾಮಗ್ರಿಗಳ ರೂಪದಲ್ಲಿ, ಕಂತುಗಳಲ್ಲಿ, ಕಿರಿಯ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಸಲ್ಲತಕ್ಕದ್ದು. ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸದೆ ಮನೆಯ ಒಡೆಯನ ಕೈಗೇ ಕೊಟ್ಟದ್ದು ಅಂದಿನ ಭಾರತದಲ್ಲಿ ಹೊಸ ಹೆಜ್ಜೆ. ಬಿರುಕುಬಿಟ್ಟರೂ ಬೀಳದೆ ನಿಂತ ಮನೆಗೆ ರಾಜ್ಯವು ಗಣನೀಯ ಹಣ ಕೊಡುತ್ತದೆ ಎಂಬುದು ಇನ್ನೂ ಹೊಸತು. ಶಾಸನಗಳ ‘ಸ್ಫುಟಿತ’ಕ್ಕೆ, ಅದೂ ಒಕ್ಕಲಿನ ಮನೆಯ ಸ್ಫುಟಿತಕ್ಕೆ, ಖಜಾನೆಯಿಂದ ಪಾಲು ಸಿಕ್ಕ ಅಪರೂಪದ ಗಳಿಗೆಯಿದು.

ದುರಸ್ತಿಯಿಂದ ಹೊಸ ಕೋಣೆಗೆ

ತಜ್ಞರು ಸೂಚಿಸಿದ ಉಪಾಯಗಳು ಸರಳವಾಗಿದ್ದವು. ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡುವುದು; ಗೋಡೆಯಲ್ಲಿ ಆರಪಾರ ರಂಧ್ರ ತೆಗೆದು, ಕೊಕ್ಕೆಯಾಗಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡು ಮೈಗಳನ್ನು ಬೆಸೆಯುವುದು; ಮನೆಯ ಸುತ್ತ ಗೋಡೆಗೆ ತಂತಿಜಾಲ ಹೊಡೆದು ಸಿಮೆಂಟ್ ಗಿಲಾವಿನಿಂದ ನಡುಕಟ್ಟು ಕಟ್ಟುವುದು; ಕಂಬ–ತೊಲೆಗಳು ಕೂಡುವಲ್ಲಿ ಓರೆಮರ ಬಡಿದು ಚೌಕಟ್ಟನ್ನು ಬಿಗಿಗೊಳಿಸುವುದು. ಇವುಗಳಲ್ಲಿ ಯಾವುದೂ ಈ ನೆಲದ ಗೌಂಡಿಗೆ, ಬಡಿಗನಿಗೆ ಮೀರಿದ ಕೆಲಸವಲ್ಲ. ಆರಪಾರದ ಸರಳು ಉದ್ದಗಲ್ಲಿನ ಹೊಸ ರೂಪವಷ್ಟೆ. ಮಣ್ಣು ಇಳಿಸುವುದಂತೂ ಮಾಳಿಗೆಯ ಹಳೆಯ ಶಿಸ್ತು.

ಆದರೂ ಕಾರ್ಯಕ್ರಮದ ಅನುಭವ ಬೇರೆಯಾಯಿತು. ಹೆಚ್ಚಿನ ಕುಟುಂಬಗಳು ಹಳೆಯ ಮನೆಯನ್ನು ಬಲಪಡಿಸುವ ಬದಲು ಆ ಹಣದಲ್ಲಿ ಇಟ್ಟಿಗೆ–ಸಿಮೆಂಟಿನ ಒಂದು ಹೊಸ ಕೋಣೆ ಕಟ್ಟಿಕೊಂಡವು. ಹಳೆಯ ಮಾಳಿಗೆ ಅದರ ಪಕ್ಕದಲ್ಲಿ ಬಿರುಕಿನೊಂದಿಗೇ ಉಳಿಯಿತು, ಇಲ್ಲವೆ ಅದರ ಮರ ಬಿಕರಿಯಾಯಿತು. ದುರಸ್ತಿಯ ಯೋಜನೆ ಹೀಗೆ ಆಚರಣೆಯಲ್ಲಿ ‘ಒಂದು ಕೋಣೆ’ಯ ಯೋಜನೆಯಾಗಿ ಮಾರ್ಪಟ್ಟಿತು.

ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕಲ್ಲು ಕೊಂದದ್ದನ್ನು ಕಂಡ, ಕೇಳಿದ ಜನರಿಗೆ ಕಲ್ಲುಗೋಡೆಯ ಒಳಗೆ ಮತ್ತೆ ಮಲಗುವ ಧೈರ್ಯ ತಾಂತ್ರಿಕ ವಿವರಣೆಯಿಂದ ಬರುವಂಥದಲ್ಲ. ಭೂಕಂಪದ ಅನಂತರ ಬಹುಕಾಲ ತಗಡಿನ ಶೆಡ್ಡುಗಳಲ್ಲಿ ಮಲಗಿದವರು ಅನೇಕರು. ಗೋಡೆಯ ಒಳಗೆ ಹುದುಗಿದ ಸರಳು ಕಣ್ಣಿಗೆ ಕಾಣುವುದಿಲ್ಲ. ಹೊಸ ಕೋಣೆ ಕಾಣುತ್ತದೆ, ಆಸ್ತಿಯೆನಿಸುತ್ತದೆ. ದಾಯಾದಿಗಳಲ್ಲಿ ಹಂಚಿಹೋದ ವಾಡೆಯಲ್ಲಿ ಒಬ್ಬನ ಪಾಲಿನ ಗೋಡೆ ಇನ್ನೊಬ್ಬನ ಪಾಲಿನ ಗೋಡೆಯೂ ಆಗಿರುತ್ತದೆ. ಅದರ ಬಲವರ್ಧನೆಗೆ ಎಲ್ಲರ ಒಪ್ಪಿಗೆ ಬೇಕು, ಪ್ರತ್ಯೇಕ ಕೋಣೆಗೆ ಬೇಡ. ಮೇಲ್ವಿಚಾರಣೆಯ ಎಂಜಿನಿಯರರಿಗೂ ಕಾಲೇಜಿನಲ್ಲಿ ಕಲಿತದ್ದು ಕಾಂಕ್ರೀಟು. ಮಣ್ಣುಗಾರೆಯ ಕಲ್ಲುಗೋಡೆ ಅವರ ಪಠ್ಯದಲ್ಲಿ ಪ್ರಮುಖ ಸ್ಥಾನ ಪಡೆದ ವಿಷಯವಲ್ಲ. ಆದ್ದರಿಂದ ಹೊಸ ಕೋಣೆಯನ್ನು ಕೊಡುವವರೂ ಪಡೆಯುವವರೂ ಒಟ್ಟಿಗೆ ಆರಿಸಿಕೊಂಡರು ಎನ್ನುವುದು ಹೆಚ್ಚು ನಿಜ.

ಈ ಪ್ರಕ್ರಿಯೆಯಲ್ಲಿ ಬೇರೊಂದು ದಿಕ್ಕಿನ ಪ್ರಯತ್ನವೂ ನಡೆಯಿತು. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆ ಸ್ಥಳೀಯ ಮಹಿಳೆಯರನ್ನು ‘ಸಂವಾದ ಸಹಾಯಕ’ರನ್ನಾಗಿ ಸಜ್ಜುಗೊಳಿಸಿತು. ಸರಕಾರದ ನಿಯಮ, ಕಂತುಗಳ ಲೆಕ್ಕ, ಬಲವರ್ಧನೆಯ ವಿಧಾನ ಇವನ್ನು ಮನೆಮನೆಗೆ ತಿಳಿಸುವುದು, ಜನರ ದೂರನ್ನು ಎಂಜಿನಿಯರರಿಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು. 2001ರ ಗುಜರಾತ್ ಭೂಕಂಪದ ಅನಂತರ ಈ ಭಾಗದ ಮಹಿಳೆಯರು ಅಲ್ಲಿಗೆ ಹೋಗಿ ತಮ್ಮ ಅನುಭವವನ್ನು ಹಂಚಿಕೊಂಡರು. ದುರಸ್ತಿಯ ತಿಳಿವಳಿಕೆ ಕಾಗದದಿಂದ ಹರಡುವುದಕ್ಕಿಂತ ಪರಿಚಿತರ ಬಾಯಿಮಾತಿನಿಂದ ಹೆಚ್ಚು ಹರಡುತ್ತದೆ ಎಂಬುದಕ್ಕೆ ಇದು ಬಲವಾದ ನಿದರ್ಶನ.

ಗಡಿ ಮತ್ತು ನುಡಿ

ಬಾಯಿಮಾತಿನ ಪ್ರಶ್ನೆ ಬಂದೊಡನೆ ಭಾಷೆಯ ಪ್ರಶ್ನೆಯೂ ಬರುತ್ತದೆ. ಭೂಕಂಪದಿಂದ ಕಂಪಿಸಿದ ನೆಲ 1948ಕ್ಕೆ ಮುಂಚೆ ಮೂರು ಆಡಳಿತಗಳಲ್ಲಿ ಹಂಚಿಹೋಗಿತ್ತು. ಲಾತೂರ, ಉಸ್ಮಾನಾಬಾದ್, ಗುಲಬರ್ಗಾ, ಬೀದರಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿತ್ತು. ಅಕ್ಕಲಕೋಟೆ ಭೋಸಲೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ, ಬೀದರಗಳು ಮೈಸೂರಿಗೆ ಸೇರಿದವು. ಅಕ್ಕಲಕೋಟೆಯನ್ನೊಳಗೊಂಡ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಗೆ ಬರಲಿಲ್ಲ. ಗಡಿಯ ಈ ಇತಿಹಾಸ ರಾಜಕೀಯದ ಚರ್ಚೆಯಲ್ಲಿ ಬಹಳ ಬಳಕೆಯಾಗಿದೆ. ಮನೆಯ ದುರಸ್ತಿಯಲ್ಲಿ ಅದರ ಪರಿಣಾಮವೇನೆಂಬುದನ್ನು ಕೇಳಿದವರು ಕಡಿಮೆ.

ಮೊದಲನೆಯ ಪರಿಣಾಮ ಹಣಕ್ಕೆ ಸಂಬಂಧಿಸಿದ್ದು. ಕಂಪನ ಗಡಿ ದಾಟಿ ಗುಲಬರ್ಗಾ, ಬೀದರ ಜಿಲ್ಲೆಗಳಲ್ಲಿಯೂ ಮನೆಗಳನ್ನು ಹಾನಿಗೊಳಿಸಿತು. ಆದರೆ ವಿಶ್ವಬ್ಯಾಂಕಿನ ನೆರವಿನ ಕಾರ್ಯಕ್ರಮ ಮಹಾರಾಷ್ಟ್ರ ಸರಕಾರದ್ದಾಗಿದ್ದು ಆ ರಾಜ್ಯಕ್ಕೇ ಸೀಮಿತವಾಗಿತ್ತು. ಅಕ್ಕಲಕೋಟೆ ತಾಲೂಕಿನ ಮಾಳಿಗೆಗೂ ಅದಕ್ಕೆ ಅಂಟಿಕೊಂಡ ಆಳಂದ ತಾಲೂಕಿನ ಮಾಳಿಗೆಗೂ ಕಟ್ಟಡದ ಕ್ರಮ ಒಂದೇ, ಗೌಂಡಿಗಳ ಪರಂಪರೆ ಒಂದೇ. ಬಿರುಕಿಗೆ ಅನ್ವಯಿಸುವ ನಿಯಮ ಮಾತ್ರ ಬೇರೆ.

ಎರಡನೆಯ ಪರಿಣಾಮ ನುಡಿಗೆ ಸಂಬಂಧಿಸಿದ್ದು. 1964ರ ರಾಜಭಾಷಾ ಕಾಯ್ದೆಯ ಅನ್ವಯ ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ತಲಾಠಿಯ ಪಂಚನಾಮೆಯೂ ತಹಸೀಲಿನ ಆದೇಶವೂ ಮರಾಠಿಯಲ್ಲಿ ಇರುತ್ತವೆ. ತಾಂತ್ರಿಕ ಮಾನಕಗಳ ಮೂಲ ಇಂಗ್ಲಿಷು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ. ಗಡಿಯ ಜನ ದ್ವಿಭಾಷಿಕರು, ಪಂಚನಾಮೆಯ ಮರಾಠಿ ಅವರಿಗೆ ಅಪರಿಚಿತವಲ್ಲ ಎಂಬ ಉತ್ತರ ಅರ್ಧ ಮಾತ್ರ ಸರಿ. ವ್ಯವಹಾರದ ಭಾಷೆ ಬೇರೆ, ಕಸುಬಿನ ಭಾಷೆ ಬೇರೆ. ಜಂತೆ ಎಲ್ಲಿ ಲಡ್ಡಾಗಿದೆ, ಗೋಡೆ ಯಾವ ಮೂಲೆಯಲ್ಲಿ ಹೊಟ್ಟೆಬಿಟ್ಟಿದೆ, ಮಾಳಿಗೆಯ ನೀರು ಯಾವ ಕಡೆಗೆ ಸರಿಯುತ್ತಿಲ್ಲ ಎಂಬುದನ್ನು ಮನೆಯ ಹೆಣ್ಣುಮಗಳೋ ಹಿರಿಯ ಗೌಂಡಿಯೋ ಹೇಳುವ ಮಾತು ಪಂಚನಾಮೆಯ ನಮೂನೆಗೆ ಇಳಿಯುವಾಗ ‘ಭಾಗಶಃ ಹಾನಿ’ ಎಂಬ ಒಂದೇ ಪದವಾಗುತ್ತದೆ. ಕನ್ನಡದಿಂದ ಮರಾಠಿಗೆ ಬರುವಾಗ ಆಗುವ ನಷ್ಟಕ್ಕಿಂತ ದೊಡ್ಡದು ಕಸುಬಿನ ನುಡಿಯಿಂದ ಕಚೇರಿಯ ನುಡಿಗೆ ಬರುವಾಗ ಆಗುವ ನಷ್ಟ. ಕನ್ನಡ ಮನೆಗಳಿಗೆ ಇವೆರಡೂ ಒಟ್ಟಿಗೆ ತಗಲುತ್ತವೆ ಎಂಬುದು ವಿಶೇಷ.

2020ರ ನೆರೆ ಮತ್ತು ಬಿರುಕಿನ ಬೆಲೆ

1993ರ ಅನುಭವ ಮುಂದಿನ ವಿಪತ್ತುಗಳಿಗೆ ಎಷ್ಟು ದಾರಿ ತೋರಿಸಿತೆಂಬುದನ್ನು ಅಳೆಯಲು 2020ರ ಅಕ್ಟೋಬರ್ ನೆರವಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಆಂಧ್ರದ ಕರಾವಳಿಯನ್ನು ದಾಟಿ ತೆಲಂಗಾಣ, ಉತ್ತರ ಕರ್ನಾಟಕಗಳ ಮೂಲಕ ಸಾಗಿ 14ನೆಯ ತಾರೀಖಿನ ಸುಮಾರಿಗೆ ಸೊಲ್ಲಾಪುರ ಜಿಲ್ಲೆಯ ಮೇಲೆ ವಿಪರೀತ ಮಳೆ ಸುರಿಸಿತು. ಭೀಮೆ ಉಕ್ಕಿದಳು, ಅಕ್ಕಲಕೋಟೆ ತಾಲೂಕಿನ ಬೋರಿ ನದಿಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ರಾಜ್ಯ ಸರಕಾರ ಅದೇ ತಿಂಗಳು 10,000 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿತು.

ನೀರು ಮಾಳಿಗೆ ಮನೆಗೆ ಮಾಡುವ ಹಾನಿ ಭೂಕಂಪದ ಹಾನಿಗಿಂತ ನಿಧಾನವಾದದ್ದು. ಮಣ್ಣುಗಾರೆ ನೆನೆದು ಗೋಡೆಯ ಬುಡ ಮೆತ್ತಗಾಗುತ್ತದೆ, ನೀರು ಇಳಿದ ಮೇಲೆ ಗೋಡೆ ಒಂದು ಪಕ್ಕಕ್ಕೆ ಕೂರುತ್ತದೆ, ಬಿರುಕು ದಿನಗಳ ಅನಂತರ ಕಾಣಿಸುತ್ತದೆ. ಗೋಡೆಯನ್ನು ಆ ಹಂತದಲ್ಲಿ ಆನಿಕೆ ಕೊಟ್ಟು ನಿಲ್ಲಿಸಿ, ಬುಡವನ್ನು ಬಿಚ್ಚಿ ಮತ್ತೆ ಕಟ್ಟಿದರೆ ಮನೆ ಉಳಿಯುತ್ತದೆ. ಶ್ರೀಮಂತ ದೇಶಗಳಲ್ಲಿ ನೆರೆಯ ಅನಂತರ ಮನೆಯನ್ನು ಒಣಗಿಸಿ, ಶುಚಿಗೊಳಿಸಿ, ದುರಸ್ತಿ ಮಾಡಿಕೊಡುವುದು ವಿಮೆಯ ಹಣದಿಂದ ನಡೆಯುವ ಪ್ರತ್ಯೇಕ ಉದ್ಯಮವೇ ಆಗಿದೆ. ಮನೆಗೆ ವಿಮೆ ಮಾಡಿಸುವ ರೂಢಿಯಿಲ್ಲದ ಹಳ್ಳಿಯಲ್ಲಿ ಆ ಸ್ಥಾನದಲ್ಲಿ ಇರುವವರು ಊರ ಗೌಂಡಿ ಮತ್ತು ಸರಕಾರದ ಪರಿಹಾರ.

ಪರಿಹಾರದ ಕೇಂದ್ರೀಯ ಮಾನದಂಡ ಆಗ ಹೀಗಿತ್ತು. ಬಯಲು ಪ್ರದೇಶದಲ್ಲಿ ಪೂರ್ಣ ಕುಸಿದ ಮನೆಗೆ 95,100 ರೂಪಾಯಿ. ಕನಿಷ್ಠ ಶೇಕಡಾ 15ರಷ್ಟು ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 5,200, ಕಚ್ಚಾ ಮನೆಗೆ 3,200. 2022ರಿಂದ ಅನ್ವಯವಾದ ಪರಿಷ್ಕೃತ ಮಾನದಂಡದಲ್ಲಿ ಈ ಅಂಕಿಗಳು ಕ್ರಮವಾಗಿ 1,20,000, 6,500 ಮತ್ತು 4,000. ಮೊತ್ತಗಳು ಏರಿದರೂ ಅನುಪಾತ ಬದಲಾಗಲಿಲ್ಲ. ಬಿದ್ದ ಕಚ್ಚಾ ಮನೆಗೆ ಸಿಗುವುದು ಬಿರುಕುಬಿಟ್ಟ ಕಚ್ಚಾ ಮನೆಗೆ ಸಿಗುವುದರ ಸುಮಾರು 30 ಪಟ್ಟು. 1994ರಲ್ಲಿ ಬಿರುಕಿಗೆ ಕನಿಷ್ಠ 17,000 ರೂಪಾಯಿ ಕೊಟ್ಟ ನೆಲದಲ್ಲಿಯೇ, 26 ವರ್ಷಗಳ ಅನಂತರ ಬೆಲೆಗಳು ಎಷ್ಟೋ ಪಟ್ಟು ಏರಿದ ಮೇಲೆ, ಅದಕ್ಕೆ ದೊರೆಯಬಹುದಾದದ್ದು 3,200. ಈ ಮೊತ್ತದಲ್ಲಿ ಗೋಡೆಯ ಬುಡ ಬಿಚ್ಚಿ ಕಟ್ಟಲಾಗದು. ಹೀಗಾಗಿ ಬಿರುಕುಬಿಟ್ಟ ಮನೆ ಮುಂದಿನ ಮಳೆಗಾಗಿ ಕಾಯುತ್ತದೆ. ಅದು ಬಿದ್ದಾಗ ಪರಿಹಾರದ ದೊಡ್ಡ ಪಟ್ಟಿಗೆ ಸೇರುತ್ತದೆ. ಬೀಳುವಾಗ ಒಳಗೆ ಯಾರಿದ್ದರು ಎಂಬುದು ಬೇರೆ ಪಟ್ಟಿಯ ವಿಷಯ.

ಉಪಸಂಹಾರ

ಸೊಲ್ಲಾಪುರ–ಅಕ್ಕಲಕೋಟೆ ಪ್ರದೇಶದ ದುರಸ್ತಿಯ ಚರಿತ್ರೆಯಲ್ಲಿ ಮೂರು ಹಂತಗಳು ಕಾಣುತ್ತವೆ. ಕಟ್ಟಡದ ಆರಂಭದಲ್ಲಿಯೇ ಬಿರುಕಿಗೂ ದತ್ತಿಯಿಟ್ಟ, ಆದರೆ ದೇವರ ಮನೆಗೆ ಮಾತ್ರ ಇಟ್ಟ ಶಾಸನಗಳ ಕಾಲ. ಬೆಳೆ, ದನಗಳನ್ನು ಲೆಕ್ಕಿಸಿ ಮನೆಯನ್ನು ಮನೆಯವರಿಗೇ ಬಿಟ್ಟ ತಗಾವಿಯ ಕಾಲ. ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದು ಬಿದ್ದ ಮೇಲೆಯೇ ಗಂಭೀರವಾಗಿ ನೋಡುವ ಇಂದಿನ ಕಾಲ. 1994ರ ದುರಸ್ತಿ ಕಾರ್ಯಕ್ರಮ ಈ ಮೂರನೆಯ ಹಂತದೊಳಗಿನ ಒಂದು ಅಪವಾದ. ಅದರಲ್ಲಿ ಹಣವಿತ್ತು, ಮಾನಕಗಳಿದ್ದವು, ಮನೆಯೊಡೆಯನ ಕೈಗೆ ಕೆಲಸ ಕೊಡುವ ವಿಶ್ವಾಸವೂ ಇತ್ತು. ಕೊರತೆಯಾದದ್ದು ಹಳೆಯ ಮನೆಯನ್ನು ಅದರ ಕಸುಬಿನ ನುಡಿಯಲ್ಲಿ ಅರಿತು, ಊರ ಗೌಂಡಿಯನ್ನು ಆ ಕೆಲಸಕ್ಕೆ ಖಾಯಂ ಹಕ್ಕುದಾರನನ್ನಾಗಿ ಮಾಡುವ ವ್ಯವಸ್ಥೆ. ಹೊಸ ಕೋಣೆಗಳು ಎದ್ದವು, ಮಾಳಿಗೆ ಕಟ್ಟಬಲ್ಲವರ, ಬಿಚ್ಚಬಲ್ಲವರ ಬೇಡಿಕೆ ಇಳಿಯಿತು.

ಈ ಭಾಗದ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಮಾಳಿಗೆ ಮನೆಗಳು ಇಂದಿಗೂ ವಾಸದಲ್ಲಿವೆ, ಮುಖ್ಯವಾಗಿ ಕಾಂಕ್ರೀಟಿಗೆ ಹಣವಿಲ್ಲದವರ ವಾಸದಲ್ಲಿ. ಆದ್ದರಿಂದ ಅಂಕಣ, ಜಂತೆ, ಬೋದಿಗೆ, ಉದ್ದಗಲ್ಲು, ಆನಿಕೆಗಳ ನುಡಿಯನ್ನು ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಹಿರಿಯ ಗೌಂಡಿ, ಬಡಿಗರಿಂದ ಸಂಗ್ರಹಿಸಿ ದಾಖಲಿಸುವ ಕೆಲಸ ಕೇವಲ ಪದಕೋಶದ ಕೆಲಸವಾಗಲಾರದು. ಹಾನಿಯನ್ನು ಬರೆದುಕೊಳ್ಳುವ ನಮೂನೆಯಲ್ಲಿ ‘ಭಾಗಶಃ’ ಎಂಬುದರ ಬದಲು ಯಾವ ಭಾಗ, ಏಕೆ, ಉಳಿಸಲು ಏನು ಮಾಡಬೇಕು ಎಂದು ಬರೆಯಬೇಕಾದರೆ ಆ ಪದಗಳು ಬೇಕಾಗುತ್ತವೆ. ಬಿರುಕನ್ನು ಬಿರುಕಾಗಿದ್ದಾಗಲೇ ಹೆಸರಿಸಬಲ್ಲ ತಲಾಠಿ, ಗ್ರಾಮಸೇವಕ, ಎಂಜಿನಿಯರರಿಗೆ ಅವುಗಳನ್ನು ಒದಗಿಸುವುದು ಎರಡು ಭಾಷೆಗಳನ್ನು ಬಲ್ಲ ವಿದ್ವಾಂಸರಿಗೆ ಸಾಧ್ಯವಿರುವ ಕೆಲಸ. ಮಾಳಿಗೆಯ ಕಸುಬನ್ನು ಬಲ್ಲ ಕೊನೆಯ ತಲೆಮಾರು ಇರುವಾಗಲೇ ಮಾಡಬೇಕಾದ ಕೆಲಸ.